ಜಂತೆ ಎಣಿಸುವ ಕೆಲಸ

ಉಂಡ ಮನೆಯ ಜಂತೆ ಎಣಿಸಬಾರದು, ಹೌದು.
ಎಣಿಸುವುದಕ್ಕೇ ನನಗೆ ಸಂಬಳ.
ತಾರ್ತು ಊರು, ಡಿಸೆಂಬರ್, ಮೂರೂವರೆಗೇ ಕತ್ತಲು.
ಎಮಾಯೊಗಿ ಹೊಳೆಯ ಮೇಲೆ
ಹಾಲಿನ ಕೆನೆಯಷ್ಟೇ ಮಂಜುಗಡ್ಡೆ.
ನೆಲಮಾಳಿಗೆಯಲ್ಲಿ ಕುಲುಕುವ ಯಂತ್ರ
ಹನ್ನೆರಡು ಗಾಜಿನ ಬುರುಡೆಗಳನ್ನು ಹಗಲಿರುಳು ತೂಗುತ್ತದೆ,
ಯಾರೂ ಅಳದ ತೊಟ್ಟಿಲು.

ಒಂದರಲ್ಲಿ ಸಕ್ಕರೆ.
ಒಂದರಲ್ಲಿ ಎಣ್ಣೆ, ಹದಿನೇಳು ಇಂಗಾಲದ ಸರಪಳಿ,
ನೀರಿನ ಜೊತೆ ಮಾತು ಬಿಟ್ಟು ಮೇಲೆ ತೇಲುವಂಥದ್ದು.
ಬ್ಯಾಕ್ಟೀರಿಯಾ ತಕರಾರು ಮಾಡುವುದಿಲ್ಲ.
ಒಂದು ದಿನ ಸುಮ್ಮನಿರುತ್ತದೆ,
ಆಮೇಲೆ ಹನಿಯ ಅಂಚಿಗೆ ಕಚ್ಚಿಕೊಂಡು ತಿನ್ನತೊಡಗುತ್ತದೆ.

ಸಕ್ಕರೆ ಉಂಡದ್ದು ಎರಡೆರಡೇ ಇಂಗಾಲ ಜೋಡಿಸಿ
ಹದಿನಾರರ ಜಂತೆ, ಹದಿನೆಂಟರ ಜಂತೆ ಮಾಡಿಕೊಳ್ಳುತ್ತದೆ,
ಸಮ, ಸಮ, ಎಲ್ಲರ ಮನೆಯಂತೆ.
ಎಣ್ಣೆ ಉಂಡದ್ದಕ್ಕೆ ಅಷ್ಟು ಪುರಸೊತ್ತಿಲ್ಲ.
ಬಂದ ಮರವನ್ನು ಬಂದ ಉದ್ದಕ್ಕೇ ಏರಿಸುತ್ತದೆ.
ಹದಿನೇಳು. ಬೆಸ.
ಬೆಸದಲ್ಲೇ ಬೆಸೆದ ಪೊರೆ.
ಕೆಲವನ್ನು ನಡುವಿನಲ್ಲಿ ಕೊಂಚ ಬಾಗಿಸುತ್ತದೆ,
ಗೋಡೆ ಸೆಟೆದು ಬಿರಿಯದಂತೆ.
ಹೊಟ್ಟೆಯೇ ಇಲ್ಲದ ಜೀವ;
ಉಂಡದ್ದರಲ್ಲಿ ಒಂದು ಪಾಲು ಹೋಗಿ
ಒಳಗು ಹೊರಗುಗಳ ನಡುವೆ ನಿಂತುಬಿಟ್ಟಿತು.

ತೊಳೆದು, ಕುದಿಸಿ, ಪೊರೆ ಬಿಚ್ಚಿ
ಸೂಜಿಯಲ್ಲಿ ಹೀರಿ ಯಂತ್ರದ ಬಾಯಿಗೆ ಚುಚ್ಚುತ್ತೇನೆ.
ಒಳಗೆ ಮೂವತ್ತು ಮೀಟರಿನ ಕೂದಲೆಳೆ ಕೊಳವೆ.
ಗಿಡ್ಡವು ಮೊದಲು ದಾಟುತ್ತವೆ, ಉದ್ದವು ತಡವಾಗಿ.
ಪರದೆಯ ಮೇಲೆ ಒಂದೊಂದೂ ಒಂದು ಗುಡ್ಡ,
ಕೊಹ್ತ್ಲಾದ ಬೂದಿಗುಡ್ಡಗಳ ಹಾಗೆ.
ಈ ತಳಿ ಸಿಕ್ಕಿದ್ದೂ ಅಲ್ಲೇ,
ಅಪ್ಪ ದುಡಿದ ಕಾರ್ಖಾನೆಯ ಹಿಂದಿನ ಚರಂಡಿಯಲ್ಲಿ.

ಅಮ್ಮ ಹೆಲ್ಯು ಒಂಬತ್ತರ ಹುಡುಗಿ.
ಮಾರ್ಚ್ ತಿಂಗಳ ಒಂದು ನಸುಕಿನಲ್ಲಿ
ದನದ ಡಬ್ಬಿಗೆ ತುಂಬಿ ಪೂರ್ವಕ್ಕೆ ಕಳಿಸಿದರು.
ಅಲ್ಲಿ ಏಳು ವರ್ಷ ಉಂಡದ್ದು
ಹಿಮದಡಿ ಉಳಿದ ಹೋದ ವರ್ಷದ ಆಲೂಗಡ್ಡೆ,
ತೊಗಟೆ ಬೆರೆಸಿದ ಹಿಟ್ಟು, ತುರಿಕೆಸೊಪ್ಪಿನ ನೀರುಸಾರು,
ಒಮ್ಮೆ ಕುದುರೆಯ ಪಾಲಿನ ಓಟ್ಸ್.
ಇದನ್ನೆಲ್ಲ ಅವಳು ಹೇಳಲಿಲ್ಲ.
ಅವಳು ಸತ್ತ ಮೇಲೆ ಚಿಕ್ಕಮ್ಮ ಆಸ್ತಾ ಹೇಳಿದ್ದು,
ಅದೂ ಪಾತ್ರೆ ತೊಳೆಯುತ್ತ, ಬೆನ್ನು ಮಾಡಿಕೊಂಡು.

ನಾನು ಕಂಡದ್ದು ಇಷ್ಟೇ:
ಕರಿ ರೊಟ್ಟಿಯ ಅಂಚು ಅವಳ ಬಾಯಿಗೆ ಹೋಗುತ್ತಿರಲಿಲ್ಲ,
ಜೇಬಿಗೆ ಹೋಗುತ್ತಿತ್ತು.
ನೆಲಕ್ಕೆ ಬಿದ್ದ ತುಂಡನ್ನು ಎತ್ತಿ ಮುತ್ತಿಡುವುದು
ಇಲ್ಲಿ ಎಲ್ಲ ಅಜ್ಜಿಯರಿಗೂ ರೂಢಿ.
ಅವಳು ಮುತ್ತಿಟ್ಟು, ಎಣಿಸುತ್ತಿದ್ದಳು.

ಎಣ್ಣೆಯಿಂದ ತೆಗೆದು ಸಕ್ಕರೆಗೆ ಬಿಟ್ಟೆವು.
ಒಂದು ಎರಡಾಗುವಾಗ ಹಳೇ ಜಂತೆ ಅರ್ಧರ್ಧ ಪಾಲು.
ಆಮೇಲೆ ಕಾಲು. ಅರೆಕಾಲು. ವೀಸ.
ಬೆಳಗಾಗುವಷ್ಟರಲ್ಲಿ ವೀಸದ ವೀಸ.
ಮೂರನೆಯ ಬುರುಡೆಗೆ ದಾಟಿಸಿದ ಮೇಲೂ
ಹದಿನೇಳರ ಜಾಗದಲ್ಲಿ ಒಂದು ಪುಟ್ಟ ದಿಬ್ಬ.
ಹೈನಾರ್ ಬಂದು ಬಗ್ಗಿ ನೋಡಿದ.
"ಅದು ಪೊರೆಯದ್ದಲ್ಲ. ಸೂಜಿ ತೊಳೆದಿಲ್ಲ ನೀನು."
ಹತ್ತು ಸಲ ತೊಳೆದೆ. ದಿಬ್ಬ ಹೋಯಿತು.
ಅವನು ಹೇಳಿದ್ದೇ ಸರಿ.
ತಾರೀಕು ಹಾಕಿ ಬರೆದೆ: ಹದಿನೇಳು, ಇಲ್ಲ.

ಮನೆಗೆ ಬಂದರೆ ಮಗಳು ಕೆರ್ತು,
ಹನ್ನೊಂದು ವರ್ಷ, ಹೆಡ್‌ಫೋನಿನೊಳಗೆ.
ಅಜ್ಜಿಯ ಮುಖ ಅವಳಿಗೆ ಫೋಟೋದಲ್ಲಿ ಮಾತ್ರ ಗೊತ್ತು.
ಒಗೆಯಲೆಂದು ಅವಳ ಕೋಟಿನ ಜೇಬು ತಿರುವಿದೆ.
ಬಸ್ ಚೀಟಿ, ಕೂದಲ ಕ್ಲಿಪ್ಪು,
ಕಲ್ಲಿನಂತೆ ಒಣಗಿದ ರೊಟ್ಟಿಯ ಅಂಚು.
"ಬಾತುಕೋಳಿಗೆ" ಅಂದಳು, ತಲೆ ಎತ್ತದೆ.

ಎಷ್ಟು ತುಂಡು ಅಂತ ನೋಡಲಿಲ್ಲ.
ಕೋಟು ಒಗೆಯಲಿಲ್ಲ.
ಇದ್ದ ಹಾಗೇ ಗೂಟಕ್ಕೆ ಹಾಕಿದೆ.